‘ಅಪ್’ ಅಂದರೆ ‘ಮೇಲೆ’ ಅಂತ ಕಲಿತವರಿಗೆ

ಕೆಲಸಕ್ಕೆ ಸೇರಿದ ಮೂರನೇ ವಾರ. ಮಧ್ಯಾಹ್ನ ಶುರುವಾಗಿ ರಾತ್ರಿ ಹತ್ತೂವರೆಗೆ ಮುಗಿಯುವ ಪಾಳಿ, ಇಂಗ್ಲೆಂಡಿನ ಗ್ರಾಹಕರ ಕರೆಗಳು. ಒಬ್ಬ ವಯಸ್ಸಾದ ಹೆಂಗಸು ಫೋನ್ ಮಾಡಿದ್ದರು. ಮನೆಯ ಇಂಟರ್ನೆಟ್ ಪದೇ ಪದೇ ನಿಂತುಹೋಗುತ್ತಿತ್ತು. ರೂಟರಿನ ಹಿಂಬದಿಯಲ್ಲಿರುವ ನಂಬರ್ ಓದಿ ಹೇಳಿ ಅಂದೆ. ಆಕೆ ‘ಹ್ಯಾಂಗ್ ಆನ್, ಲವ್’ ಅಂದರು. ‘ಹ್ಯಾಂಗ್ ಅಪ್’ ಅಂದರೆ ಫೋನ್ ಇಡುವುದು ಅಂತ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನನ್ನ ಕಿವಿಗೆ ಬಿದ್ದದ್ದು ‘ಹ್ಯಾಂಗ್’ ಒಂದೇ. ಥ್ಯಾಂಕ್ ಯೂ ಮೇಡಂ ಅಂದು ಕರೆ ಮುಗಿಸಿದೆ. ‘ಸ್ವಲ್ಪ ಇರಪ್ಪ’ ಅಂದು ಕನ್ನಡಕ ಹುಡುಕಲು ಹೋದ ಆಕೆ ವಾಪಸ್ ಬಂದಾಗ ಫೋನಿನಲ್ಲಿ ಯಾರೂ ಇರಲಿಲ್ಲ.

ಮರುದಿನ ಆ ಕರೆಯ ರೆಕಾರ್ಡಿಂಗ್ ಅನ್ನು ನನ್ನನ್ನು ಕೂರಿಸಿಕೊಂಡು ಕೇಳಿಸಿದರು. ತಪ್ಪು ಎಲ್ಲಾಯಿತು ಅಂತ ಎರಡನೇ ಸಲ ಕೇಳುವವರೆಗೂ ನನಗೆ ಹೊಳೆಯಲಿಲ್ಲ.

ನಾನು ಅರಸೀಕೆರೆ ಕಡೆಯವನು, ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್ ನನಗೆ ಬರುತ್ತಿರಲಿಲ್ಲ ಅಂತಲ್ಲ. ಪೋಸ್ಟ್‌ಪೋನ್, ಟಾಲರೇಟ್, ಇನ್ವೆಸ್ಟಿಗೇಟ್, ಕಂಟಿನ್ಯೂ, ಇಂಥ ದೊಡ್ಡ ದೊಡ್ಡ ಪದಗಳೆಲ್ಲ ಗೊತ್ತಿದ್ದವು. ಆದರೆ ಫೋನಿನ ಆ ಕಡೆಯವರು ಅವನ್ನು ಹೆಚ್ಚು ಬಳಸುತ್ತಲೇ ಇರಲಿಲ್ಲ. ಅವರು ಹೇಳುತ್ತಿದ್ದದ್ದು ಪುಟ್ ಆಫ್, ಪುಟ್ ಅಪ್ ವಿತ್, ಲುಕ್ ಇನ್‌ಟು, ಕ್ಯಾರಿ ಆನ್. ಐದನೇ ತರಗತಿಯಲ್ಲೇ ಕಲಿತ ಪದಗಳು. ಪುಟ್ ಗೊತ್ತು, ಅಪ್ ಗೊತ್ತು, ವಿತ್ ಗೊತ್ತು; ಮೂರೂ ಕೂಡಿದರೆ ‘ಸಹಿಸಿಕೊಳ್ಳುವುದು’ ಹೇಗಾಗುತ್ತದೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ. ಈ ಕಷ್ಟ ನನ್ನೊಬ್ಬನದಲ್ಲ ಅಂತ ಎಷ್ಟೋ ವರ್ಷಗಳ ಮೇಲೆ ತಿಳಿಯಿತು. 1755ರಲ್ಲಿ ಇಂಗ್ಲಿಷ್ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ಅದರ ಮುನ್ನುಡಿಯಲ್ಲೇ, ಕ್ರಿಯಾಪದಕ್ಕೆ ಸಣ್ಣ ಪದ ಅಂಟಿಸಿ ಅರ್ಥ ಬದಲಿಸುವ ಈ ಪದ್ಧತಿಯೇ ಹೊರಗಿನವರಿಗೆ ಎಲ್ಲಕ್ಕಿಂತ ಕಷ್ಟ ಅಂತ ಬರೆದಿದ್ದಾನೆ.

ಮೊದಲು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಒಂದು ಗೈಡ್ ತಂದು ಅದರ ಪಟ್ಟಿಯನ್ನು ದಿನಕ್ಕೆ ಹತ್ತರಂತೆ ಬಾಯಿಪಾಠ ಹಾಕಿದೆ. ಗೆಟ್ ಅಪ್, ಗೆಟ್ ಆಫ್, ಗೆಟ್ ಓವರ್, ಗೆಟ್ ಬೈ... ಒಂದು ವಾರಕ್ಕೆ ಎಲ್ಲ ಕಲಸುಮೇಲೋಗರ. ಕರೆ ಬಂದಾಗ ಒಂದೂ ನೆನಪಿಗೆ ಬರುತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಊರಿನಲ್ಲಿ, ಊಟಕ್ಕೆ ಕೂತಾಗ. ಪಾತ್ರೆಯ ತಳದಲ್ಲಿ ಒಂದು ಹಿಡಿ ಅನ್ನ ಉಳಿದಿತ್ತು. ‘ಇಷ್ಟಕ್ಕೆ ಇನ್ನೊಂದು ಪಾತ್ರೆ ಯಾಕೆ, ಉಂಡ್ಬಿಡು’ ಅಂದರು ಅಮ್ಮ. ತಿಂಗಳುಗಟ್ಟಲೆ ಸಣ್ಣ ಪದಗಳ ಹಿಂದೆಯೇ ಬಿದ್ದಿದ್ದಕ್ಕೋ ಏನೋ, ಆ ‘ಬಿಡು’ ಕಿವಿಯಲ್ಲೇ ನಿಂತಿತು. ಉಣ್ಣು ಅನ್ನುವುದಕ್ಕೂ ಉಂಡುಬಿಡು ಅನ್ನುವುದಕ್ಕೂ ವ್ಯತ್ಯಾಸ ಇದೆ. ಎರಡನೆಯದರಲ್ಲಿ ಪೂರ್ತಿ ಮುಗಿಸು ಅನ್ನುವ ಅರ್ಥ ಇದೆ. ಅಲ್ಲಿ ಯಾರೂ ಯಾವುದನ್ನೂ ‘ಬಿಡುವುದಿಲ್ಲ’. ಈಟ್ ಅಪ್ ಕೂಡ ಇದೇ ತಾನೆ? ಅಲ್ಲಿ ಯಾವುದೂ ‘ಮೇಲೆ’ ಹೋಗುವುದಿಲ್ಲ. ಡ್ರಿಂಕ್ ಅಪ್ ಅಂದರೆ ಕುಡಿದುಬಿಡು, ಯೂಸ್ ಅಪ್ ಅಂದರೆ ಬಳಸಿ ಮುಗಿಸಿಬಿಡು. ಅಂದರೆ ಇಂಗ್ಲಿಷಿನವರು ಕ್ರಿಯಾಪದದ ನಂತರ ಸಣ್ಣ ಪದ ಇಟ್ಟು ಮಾಡುವ ಕೆಲಸವನ್ನು ನಾವು ಇನ್ನೊಂದು ಕ್ರಿಯಾಪದ ಜೋಡಿಸಿ ಮಾಡುತ್ತೇವೆ. ಹುಟ್ಟಿದಾಗಿನಿಂದ ಮಾಡುತ್ತಲೇ ಬಂದಿದ್ದೇವೆ, ಯಾರೂ ಪಟ್ಟಿ ಕೊಟ್ಟು ಕಲಿಸಲಿಲ್ಲ.

ಅವತ್ತು ರಾತ್ರಿಯೇ ಹೊಸ ನೋಟ್‌ಬುಕ್ಕು ಶುರು ಮಾಡಿದೆ. ಈ ಸಲ ಗೆಟ್, ಪುಟ್ ಅಂತ ಕ್ರಿಯಾಪದದ ಕೆಳಗೆ ಪಟ್ಟಿ ಮಾಡದೆ, ಒಂದೊಂದು ಸಣ್ಣ ಪದಕ್ಕೂ ಒಂದೊಂದು ಪುಟ ಬಿಟ್ಟೆ. ಎದುರಿಗೆ ಕನ್ನಡದ ಜೋಡಿ. ಟೇರ್ ಅಪ್, ಹರಿದುಹಾಕು. ರಬ್ ಔಟ್, ಅಳಿಸಿಹಾಕು. ರೈಟ್ ಡೌನ್, ಬರೆದುಕೊ. ಪಿಕ್ ಅಪ್, ಎತ್ತಿಕೊ. ಫೈಂಡ್ ಔಟ್, ತಿಳಿದುಕೊ. ಬಟ್ಟೆ ಅಂಗಡಿಯ ಟ್ರೈ ಆನ್ ಅಂತೂ ನನಗೆ ಬಹಳ ಇಷ್ಟ, ಅದು ‘ಹಾಕಿಕೊಂಡು ನೋಡು’. ನಮ್ಮ ‘ನೋಡು’ ಕಣ್ಣಿನ ಕೆಲಸ ಬಿಟ್ಟು ಪರೀಕ್ಷೆಯ ಕೆಲಸಕ್ಕೆ ನಿಂತುಕೊಂಡಿದೆ. ಅರ್ಥ ಪೂರ್ತಿ ಬೇರೆಯೇ ಆಗುವ ಜೋಡಿಗಳಿಗೂ ಕನ್ನಡದಲ್ಲಿ ಬರ ಇಲ್ಲ. ಕೈಬಿಡು ಅಂದರೆ ಗಿವ್ ಅಪ್. ಕೈಕೊಡು ಅಂದರೆ ಲೆಟ್ ಡೌನ್. ಕೈ, ಕೊಡು ಎರಡನ್ನೂ ಬಲ್ಲ ಪರದೇಶದವನೊಬ್ಬ ‘ಗಾಡಿ ಕೈಕೊಡ್ತು’ ಅನ್ನುವ ಮಾತು ಕೇಳಿ ಎಷ್ಟು ತಬ್ಬಿಬ್ಬಾಗಬಹುದೋ ನಾನೂ ಅಷ್ಟೇ ತಬ್ಬಿಬ್ಬಾಗಿದ್ದೆ.

ಎಲ್ಲವೂ ಹೀಗೆ ಹೊಂದುತ್ತದೆ ಅಂತ ತಿಳಿಯಬೇಡಿ. ‘ಅಪ್’ ಪುಟದಲ್ಲಿ ‘ಬಿಡು’ವಿಗೆ ಸೇರದವೂ ಬೇಕಾದಷ್ಟಿವೆ. ಟರ್ನ್ ಅಪ್ ಅಂದರೆ ಬಂದು ಹಾಜರಾಗುವುದು. ಮೇಕ್ ಅಪ್ ಅಂದರೆ ಇಲ್ಲದ್ದನ್ನು ಕಟ್ಟಿ ಹೇಳುವುದೂ ಹೌದು, ಜಗಳವಾಡಿದವರು ರಾಜಿಯಾಗುವುದೂ ಹೌದು. ಮನೆ ಸುಟ್ಟರೆ ಬರ್ನ್ ಡೌನ್, ಕಾಗದ ಸುಟ್ಟರೆ ಬರ್ನ್ ಅಪ್, ಎರಡೂ ಸುಟ್ಟುಹೋಗುವುದೇ. ಫಾರಂ ತುಂಬುವುದಕ್ಕೆ ಫಿಲ್ ಇನ್, ಫಿಲ್ ಔಟ್ ಎರಡೂ ನಡೆಯುತ್ತವೆ. ಇಂಥವನ್ನು ಕೇಳಿದ ವಾಕ್ಯದ ಸಮೇತ ಬರೆದಿಟ್ಟುಕೊಂಡೆ. ‘ರೂಟರ್ ಈಸ್ ಪ್ಲೇಯಿಂಗ್ ಅಪ್’, ಅಂದರೆ ರೂಟರ್ ಸತಾಯಿಸುತ್ತಿದೆ, ಅಂತ ಒಬ್ಬರು ಹೇಳಿದರೆ, ಅಷ್ಟೂ ವಾಕ್ಯ ನೋಟ್‌ಬುಕ್ಕಿಗೆ.

ಪದ ಗೊತ್ತಾದ ಮೇಲೂ ಮಾತಾಡುವಾಗ ಇನ್ನೊಂದು ತೊಡಕು ಇತ್ತು. ನಾವು ‘ಫ್ಯಾನ್ ಆಫ್ ಮಾಡು’ ಅನ್ನುತ್ತೇವೆ. ನಮ್ಮಲ್ಲಿ ಕ್ರಿಯಾಪದದ ಕೆಲಸವನ್ನು ‘ಮಾಡು’ ಹೊತ್ತುಕೊಂಡಿದೆ, ಹಾಗಾಗಿ ಇಂಗ್ಲಿಷಿಗೆ ಹೋದಾಗ ಅದನ್ನು ಇಲ್ಲೇ ಬಿಟ್ಟು ‘ಆಫ್ ದ ಫ್ಯಾನ್’ ಅಂದುಬಿಡುತ್ತೇವೆ. ಅವರಲ್ಲಿ ಆ ಹೊರೆ ಹೊರುವುದು ಟರ್ನ್ ಅಥವಾ ಸ್ವಿಚ್. ಅದರ ಮೇಲೆ ‘ಇಟ್’ ಎಲ್ಲಿ ಇಡಬೇಕು ಅನ್ನುವ ಪ್ರಶ್ನೆ. ‘ಟರ್ನ್ ಆಫ್ ದ ರೂಟರ್’ ಸರಿ, ‘ಟರ್ನ್ ದ ರೂಟರ್ ಆಫ್’ ಕೂಡ ಸರಿ. ಆದರೆ ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು, ‘ಟರ್ನ್ ಇಟ್ ಆಫ್’. ಹಾಗಂತ ‘ಅದನ್ನು ನೋಡಿಕೊ’ ಅನ್ನಲು ‘ಲುಕ್ ಇಟ್ ಆಫ್ಟರ್’ ಅನ್ನುವ ಹಾಗಿಲ್ಲ, ‘ಲುಕ್ ಆಫ್ಟರ್ ಇಟ್’ ಅನ್ನಬೇಕು.

ಇದಕ್ಕೆ ಪುಸ್ತಕಕ್ಕಿಂತ ಹಳೆಯ ರೆಕಾರ್ಡಿಂಗುಗಳೇ ನನಗೆ ಮೇಷ್ಟರಾದವು. ಹೆಡ್‌ಫೋನ್ ಹಾಕಿಕೊಂಡು, ಗ್ರಾಹಕರು ಒತ್ತುವ ಜಾಗಕ್ಕೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಾ ಕೂತೆ. ‘ಟರ್ನ್ ಇಟ್ ಆಫ್’ನಲ್ಲಿ ಒತ್ತು ಬೀಳುವುದು ಆಫ್ ಮೇಲೆ. ‘ಲುಕ್ ಆಫ್ಟರ್ ಇಟ್’ನಲ್ಲಿ ಲುಕ್ ಮೇಲೆ. ಸಣ್ಣ ಪದಕ್ಕೆ ಒತ್ತು ಸಿಕ್ಕರೆ ‘ಇಟ್’ ನಡುವೆ, ಇಲ್ಲದಿದ್ದರೆ ಕೊನೆಗೆ. ಬಹುಮಟ್ಟಿಗೆ ಈ ಲೆಕ್ಕ ಕೈಕೊಡುವುದಿಲ್ಲ. ಇಂಥ ಜೋಡಿ ನಾಮಪದವಾದರೆ ಒತ್ತು ಮೊದಲ ಪದಕ್ಕೆ ಸರಿಯುತ್ತದೆ, ಚೆಕಪ್, ಪಿಕಪ್, ಪ್ರಿಂಟೌಟ್ ಥರ. ಸಿನಿಮಾ ಥಿಯೇಟರಿನ ಮುಂದೆ ಹಾರ ಹಾಕಿಸಿಕೊಂಡು ನಿಲ್ಲುವ ಕಟೌಟ್ ಕೂಡ ಇಂಥದ್ದೇ ಒಂದು ಜೋಡಿ ಅಂತ ಹೊಳೆದ ದಿನ ನಿಜಕ್ಕೂ ಖುಷಿಯಾಯಿತು.

ನಾವೇ ಮಾಡಿಕೊಂಡ ಜೋಡಿಗಳೂ ಇವೆ. ಡಿಗ್ರಿ ಮುಗಿಸಿದ್ದಕ್ಕೆ ನಾವು ‘ಪಾಸ್ಡ್ ಔಟ್’ ಅನ್ನುತ್ತೇವೆ. ಇಂಗ್ಲೆಂಡಿನ ಗ್ರಾಹಕರಿಗೆ ಹಾಗಂದರೆ ಮೂರ್ಛೆ ಹೋದೆ ಅಂತ ಕೇಳಿಸಬಹುದು. ನಿಭಾಯಿಸುವುದಕ್ಕೆ ನಾವು ಅನ್ನುವ ‘ಕೋಪ್ ಅಪ್ ವಿತ್’ನಲ್ಲಿ ಅಪ್ ಬೇಕಿಲ್ಲ. ನಮ್ಮ ನಡುವೆ ಇವು ಚೆನ್ನಾಗಿಯೇ ನಡೆಯುತ್ತವೆ, ನಾನು ಯಾರನ್ನೂ ತಿದ್ದಲು ಹೋಗುವುದಿಲ್ಲ. ಕರೆ ತೆಗೆದುಕೊಳ್ಳುವವರಿಗೆ ಮಾತ್ರ ಹೇಳಿಕೊಡುತ್ತೇನೆ.

ಈಗ ಹೊಸಬರಿಗೆ ತರಬೇತಿ ಕೊಡುವ ಕೆಲಸ ನನ್ನದೇ. ಮೊದಲ ದಿನ ಇಂಗ್ಲಿಷಿನ ಪಟ್ಟಿ ಕೊಡುವುದಿಲ್ಲ. ನಿಮ್ಮ ಮನೆಯಲ್ಲಿ ಬಿಡು, ಹಾಕು, ಕೊ, ನೋಡು ಹೇಗೆ ಬಳಸುತ್ತೀರಿ, ಇಪ್ಪತ್ತು ವಾಕ್ಯ ಬರೆದು ತನ್ನಿ ಅನ್ನುತ್ತೇನೆ. ಕಳೆದ ತಂಡದಲ್ಲಿ ಧಾರವಾಡ ಕಡೆಯ ಹುಡುಗಿಯೊಬ್ಬಳ ಹಾಳೆಯಲ್ಲಿ ನನ್ನ ಪಟ್ಟಿಯಲ್ಲೇ ಇಲ್ಲದ ಪದ ಇತ್ತು. ‘ಸರ್, ಟೇರ್ ಅಪ್ ಅಂದ್ರ ಹರದ್ ಒಗಿ ಅಂತೇನ್ರಿ?’ ಅಂದಳು. ಹೌದಮ್ಮ ಅಂದು, ನನ್ನ ಹಳೇ ನೋಟ್‌ಬುಕ್ಕಿನಲ್ಲಿ ‘ಹರಿದುಹಾಕು’ ಪಕ್ಕದಲ್ಲೇ ಅದನ್ನೂ ಬರೆದುಕೊಂಡೆ.