ವಾಂತಿ-ಭೇದಿ ಆದ ಮಗುವಿಗೆ ಓಆರ್‌ಎಸ್ ಕುಡಿಸುವುದು ಹೇಗೆ?

ಮಗಳಿಗೆ ಆಗ 14 ತಿಂಗಳು. ರಾತ್ರಿ ಎರಡು ಗಂಟೆಗೆ ವಾಂತಿ ಶುರುವಾಯಿತು, ಬೆಳಗಾಗುವಷ್ಟರಲ್ಲಿ ಭೇದಿಯೂ ಸೇರಿಕೊಂಡಿತು. ಬಾಯಾರಿ ಲೋಟಕ್ಕೆ ಕೈ ಚಾಚುತ್ತಿದ್ದಳು. ಪಾಪ ಅನಿಸಿ ಅರ್ಧ ಲೋಟ ಒಟ್ಟಿಗೇ ಕುಡಿಸಿಬಿಟ್ಟೆ. ಎರಡೇ ನಿಮಿಷದಲ್ಲಿ ಅಷ್ಟೂ ನನ್ನ ಮಡಿಲಿಗೆ ಬಂತು.

ಪುಟ್ಟ ಮಕ್ಕಳಿಗೆ ಹೀಗಾಗುವುದು ಹೆಚ್ಚಾಗಿ ರೋಟಾವೈರಸ್ಸಿನಿಂದ, ಇಲ್ಲವೇ ನೋರೋವೈರಸ್ಸಿನಿಂದ. ಆ್ಯಂಟಿಬಯೋಟಿಕ್ ಇವಕ್ಕೆ ನಾಟುವುದಿಲ್ಲ. ಭೇದಿ ನಿಲ್ಲಿಸಲು ದೊಡ್ಡವರು ನುಂಗುವ ಮಾತ್ರೆಯನ್ನಂತೂ ಕೊಡಲೇಬೇಡಿ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಅಲ್ಲಿಯವರೆಗೆ ಮಗುವಿನ ಮೈಯಲ್ಲಿ ನೀರು, ಉಪ್ಪು ಕಡಿಮೆಯಾಗದಂತೆ ಕಾಯಬೇಕು, ಅಷ್ಟೇ. ಆದರೆ ಆ 'ಅಷ್ಟೇ'ಗೆ ರಾತ್ರಿಯಿಡೀ ಕೂರಬೇಕಾಗುತ್ತದೆ.

ಓಆರ್‌ಎಸ್ ಪ್ಯಾಕೆಟ್ಟಿನ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟೇ ಹಾಕಿ. ದೊಡ್ಡ ಪ್ಯಾಕೆಟ್ಟಿಗೆ ಸಾಮಾನ್ಯವಾಗಿ 1 ಲೀಟರ್. ಅರ್ಧ ಪುಡಿ, ಅಂದಾಜಿನ ನೀರು ಬೇಡ. ರುಚಿಗೆ ಅಂತ ಸಕ್ಕರೆಯನ್ನೂ ಸೇರಿಸಬೇಡಿ. 24 ಗಂಟೆ ಕಳೆದರೆ ಚೆಲ್ಲಿ, ಹೊಸದಾಗಿ ಕಲಸಿ. ಜ್ಯೂಸ್, ಕೂಲ್ ಡ್ರಿಂಕ್ ಕೊಟ್ಟರೆ ಅದರ ಸಕ್ಕರೆಗೆ ಭೇದಿ ಇನ್ನೂ ಜಾಸ್ತಿಯಾಗುತ್ತದೆ.

ವಾಂತಿಯಾದ ಮೇಲೆ ಹತ್ತು ನಿಮಿಷ ಸುಮ್ನೆ ಬಿಡಿ. ಆಮೇಲೆ ಎರಡು ನಿಮಿಷಕ್ಕೆ ಒಂದು ಸಣ್ಣ ಚಮಚ. ಮಗು ಅಳುತ್ತದೆ, ಚಮಚ ಕಚ್ಚಿ ಹಿಡಿಯುತ್ತದೆ, ಇನ್ನೂ ಬೇಕು ಅಂತ ಲೋಟ ಎಳೆಯುತ್ತದೆ. ಕೊಡಬೇಡಿ. ಗಡಿಯಾರ ನೋಡಿಕೊಂಡೇ ಹಾಕಿ. 5 ಮಿ.ಲೀ. ಚಮಚದಲ್ಲಿ ಹೀಗೆ ಹಾಕಿದರೂ ಗಂಟೆಗೆ 150 ಮಿ.ಲೀ. ಒಳಗೆ ಹೋಗುತ್ತದೆ, ಕಮ್ಮಿಯಲ್ಲ ಅಲ್ವಾ? ಎದೆಹಾಲು ಕುಡಿಯುವ ಮಗುವಿಗೆ ಅದನ್ನು ನಿಲ್ಲಿಸಬೇಡಿ. ವಾಂತಿ ನಿಂತು ಹಸಿವಾದರೆ ಎಂದಿನ ಊಟವನ್ನೇ ಸ್ವಲ್ಪ ಸ್ವಲ್ಪ ಕೊಡಿ. ಭೇದಿಯಾದಾಗ ಓಆರ್‌ಎಸ್ ಜೊತೆ ಕೊಡುವ ಜಿಂಕ್ ಔಷಧಿ ಎಷ್ಟು, ಎಷ್ಟು ದಿನ ಅಂತ ಡಾಕ್ಟರನ್ನು ಕೇಳಿ.

ನಾನು ಡೈಪರ್ ಬಿಚ್ಚಿದಾಗಲೆಲ್ಲ ಹೊತ್ತು ಬರೆದಿಡುತ್ತಿದ್ದೆ. ಆರು ಗಂಟೆ ಉಚ್ಚೆ ಹೊಯ್ಯದಿದ್ದರೆ, ಅತ್ತರೂ ಕಣ್ಣೀರು ಬರದಿದ್ದರೆ, ಕಣ್ಣು ಅಥವಾ ನೆತ್ತಿ ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ, ವಾಂತಿ ಹಸಿರಾಗಿದ್ದರೆ, ಚಮಚದಲ್ಲಿ ಹಾಕಿದ್ದೂ ನಿಲ್ಲದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಮಗು ಮಂಕಾಗಿ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ಒಂದು ನಿಮಿಷವೂ ತಡ ಮಾಡಬೇಡಿ. ಆರು ತಿಂಗಳೊಳಗಿನ ಕೂಸಾದರೆ ಮೊದಲೇ ತೋರಿಸಿ.

ಭೇದಿ ನಿಂತ ಮೇಲೂ ಕೆಲವು ದಿನ ಮಲದಲ್ಲಿ ವೈರಸ್ ಇರುತ್ತದೆ. ಡೈಪರ್ ಬದಲಿಸಿದ ಪ್ರತಿ ಸಲ ಸೋಪು ಹಚ್ಚಿ ಕೈ ತೊಳೆಯಿರಿ. ನೋರೋವೈರಸ್ಸಿಗೆ ಸ್ಯಾನಿಟೈಸರ್ ಸಾಲದು. ರೋಟಾವೈರಸ್ಸಿಗೆ ಲಸಿಕೆ ಇದೆ, ಬಾಯಿಗೆ ಹಾಕುವಂಥದ್ದು. ಹುಟ್ಟಿದ ಮೊದಲ ತಿಂಗಳುಗಳಲ್ಲೇ ಹಾಕಿಸಬೇಕು. ಮನೆಯಲ್ಲಿ ಕೂಸಿದ್ದರೆ ಅದರ ಲಸಿಕೆ ಕಾರ್ಡ್ ಇವತ್ತೇ ತೆಗೆದು ನೋಡಿ.