ಸೀಬೆಹಣ್ಣನ್ನು ಊಟದ ತಟ್ಟೆಯಲ್ಲೇ ಇಡಿ

ಮಗಳಿಗೆ ಮೂರು ವರ್ಷವಿದ್ದಾಗ ಹಿಮೋಗ್ಲೋಬಿನ್ 9.4 ಬಂದಿತ್ತು. ಆ ವಯಸ್ಸಿನಲ್ಲಿ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ದಿನವೂ ದಾಳಿಂಬೆ ಬಿಡಿಸಿ ತಿನ್ನಿಸುತ್ತಿದ್ದೆನಲ್ಲ ಎಂದು ಕಣ್ಣು ತುಂಬಿತು. ಆದರೆ ಹಣ್ಣು ಕೆಂಪಗಿದ್ದ ಮಾತ್ರಕ್ಕೆ ಅದರಲ್ಲಿ ಕಬ್ಬಿಣ ಹೆಚ್ಚಿರುವುದಿಲ್ಲ.

ನಮ್ಮ ಅಡುಗೆಮನೆಯ ಕಬ್ಬಿಣ ರಾಗಿ, ಹುರುಳಿ, ಹರಿವೆ ಸೊಪ್ಪಿನಲ್ಲಿದೆ. ಮಗುವಿನ ದೇಹ ಅದನ್ನು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಸಿ ಜೀವಸತ್ವ ಜೊತೆಗಿದ್ದರೆ ಹೀರಿಕೊಳ್ಳುತ್ತದೆ. ಸೀಬೆಹಣ್ಣಿನಲ್ಲಿ ಅದು ಕಿತ್ತಳೆಯ ಸುಮಾರು ನಾಲ್ಕು ಪಟ್ಟು, 100 ಗ್ರಾಂಗೆ 200 ಮಿಲಿಗ್ರಾಂಗೂ ಮಿಕ್ಕು. ಸಂಜೆ ಬೇರೆಯಾಗಿ ಕೊಟ್ಟರೆ ಈ ಲಾಭ ಸಿಗದು, ಊಟದ ಜೊತೆಗೇ ಕೊಡಬೇಕು.

ನಾನು ಮಾಡುವುದು ಹೀಗೆ: ರಾಗಿ ಮುದ್ದೆ, ಹುರುಳಿ ಸಾರು, ಪಕ್ಕದಲ್ಲಿ ಚೆನ್ನಾಗಿ ಮಾಗಿದ ಸೀಬೆಹಣ್ಣಿನ ಅರ್ಧ ಭಾಗ. ನಡುವಿನ ಗಟ್ಟಿ ಬೀಜದ ಭಾಗವನ್ನು ತೆಗೆದು ತೆಳುವಾಗಿ ಹೆಚ್ಚುತ್ತೇನೆ. ಪುಟ್ಟ ಮಕ್ಕಳಿಗೆ ಕಿವುಚಿಯೇ ಕೊಡಿ. ಸೀಬೆ ಸಿಗದ ತಿಂಗಳಲ್ಲಿ ಪರಂಗಿ ಹಣ್ಣು. ಸೊಪ್ಪಿನ ಪಲ್ಯಕ್ಕೆ ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿ, ಕುದಿಸಿದರೆ ಸಿ ಜೀವಸತ್ವ ಕಡಿಮೆಯಾಗುತ್ತದೆ. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಇನ್ನೂ ಒಳ್ಳೆಯದು. ಮಕ್ಕಳಿಗೆ ಚಹಾ ಬೇಡವೇ ಬೇಡ. ಹಾಲನ್ನು ಊಟದಿಂದ ದೂರವಿಡಿ.

ರಕ್ತಹೀನತೆ ಈಗಾಗಲೇ ಇದ್ದರೆ ಹಣ್ಣನ್ನು ನಂಬಿ ಕೂರಬೇಡಿ. ವೈದ್ಯರು ಬರೆದ ಕಬ್ಬಿಣದ ಸಿರಪ್ಪನ್ನು ಅವರು ಹೇಳಿದಷ್ಟೇ, ಹೇಳಿದಷ್ಟು ದಿನ ಕೊಡಿ. ಮಲ ಕಪ್ಪಾದರೆ ಗಾಬರಿ ಬೇಡ, ಅದು ಸಿರಪ್ಪಿನಿಂದ ಆಗುವುದು. ಸೀಸೆಯನ್ನು ಮಾತ್ರ ಮಗುವಿಗೆ ಎಟುಕದ ಎತ್ತರದಲ್ಲಿಡಿ.