ಅಡುಗೆಮನೆ ಒಡೆಸಿದೆವು, ಮನೆ ಬಿಡಲಿಲ್ಲ

"ಎರಡು ತಿಂಗಳು ಬಾಡಿಗೆ ಮನೆಗೆ ಹೋಗಿಬಿಡಿ" ಅಂತ ಹೇಳದವರೇ ಇಲ್ಲ. ನಮ್ಮತ್ತೆಯಂತೂ ಮಗಳ ಮನೆಗೆ ಹೋಗಲು ಬ್ಯಾಗ್ ತುಂಬಿಟ್ಟುಕೊಂಡಿದ್ದರು. ಮೈಸೂರಿನ ಹಳೇ ಮನೆ. ಕಡಪ ಕಲ್ಲಿನ ಕಟ್ಟೆ ತೆಗೆಸಿ ಗ್ರಾನೈಟ್, ಹೊಸ ಟೈಲ್ಸ್, ಪೈಪು, ವೈರಿಂಗು. ಹತ್ತಿರ ಹತ್ತಿರ 50 ದಿನ ಹಿಡಿಯಿತು. ನಾಲ್ಕೂ ಜನ ಅಲ್ಲೇ ಇದ್ದೆವು, ಅತ್ತೆಯ ಬ್ಯಾಗ್ ವಾಪಸ್ ಬೀರು ಸೇರಿತು.

ಮೊದಲ ವಾರ ಮಾತ್ರ ನಾನು ಪೂರ್ತಿ ಸೋತೆ. ಎಲ್ಲರ ಹಾಗೆ ನಾನೂ ಡಬ್ಬಿಗಳನ್ನೆಲ್ಲ ಒಂದು ಕಡೆ, ಪಾತ್ರೆ ಒಂದು ಕಡೆ, ಸೌಟು ಒಂದು ಕಡೆ ಕಟ್ಟಿ ಚೀಟಿ ಅಂಟಿಸಿದ್ದೆ. ಬೆಳಿಗ್ಗೆ ಉಪ್ಪಿಟ್ಟು ಮಾಡೋಣ ಅಂದರೆ ರವೆ ಮಂಚದ ಕೆಳಗೆ, ಸಾಸಿವೆ ಪೂಜೆ ಕೋಣೆಯಲ್ಲಿ, ಬಾಣಲೆ ಮೆಟ್ಟಿಲ ಮೇಲೆ. ಐದು ಪೆಟ್ಟಿಗೆ ಬಿಚ್ಚಿಯೂ ಸಾಸಿವೆ ಸಿಗಲಿಲ್ಲ. ಆ ವಾರ ಹೋಟೆಲ್ ಪಾರ್ಸೆಲ್‌ಗೇ ಸುಮಾರು ₹4,500 ಹೋಯಿತು.

ಆಮೇಲೆ ಹಳೇ ಟೊಮೇಟೊ ಕ್ರೇಟ್ 8 ತಂದೆ, ಒಂದಕ್ಕೆ ₹200 ಚಿಲ್ಲರೆ. ವಸ್ತು ನೋಡಿ ತುಂಬುವುದು ಬಿಟ್ಟು ಹೊತ್ತು ನೋಡಿ ತುಂಬಿದೆ. ಕಾಫಿ ಕ್ರೇಟಿನಲ್ಲಿ ಫಿಲ್ಟರ್, ಪುಡಿ, ಸಕ್ಕರೆ, ಹಾಲಿನ ಪಾತ್ರೆ, ನಾಲ್ಕು ಲೋಟ. ತಿಂಡಿಗೆ ಒಂದು, ಅನ್ನ ಸಾರಿಗೆ ಒಂದು. ಒಗ್ಗರಣೆಯದು ಮಾತ್ರ ಚಿಕ್ಕದು, ಒಲೆ ಹೋದಲ್ಲೆಲ್ಲ ಹೋಗುತ್ತಿತ್ತು. ತಲೆಗೊಂದೇ ತಟ್ಟೆ, ಉಳಿದದ್ದೆಲ್ಲ ಅಟ್ಟಕ್ಕೆ. ತೊಳೆಯುವ ರಾಶಿಯೇ ಇಲ್ಲ!

ಇಂಡಕ್ಷನ್ ಒಲೆಯ ಕಥೆ ಬೇರೆ. ಹಾಲ್‌ನಲ್ಲಿ ಟಿವಿ ಪಕ್ಕದ 6 ಆಂಪ್ ಸಾಕೆಟ್‌ಗೆ ಹಾಕಿದೆ. 2000 ವಾಟ್ ಅಂದರೆ 9 ಆಂಪ್ ಹತ್ತಿರ ಎಳೆಯುತ್ತೆ ಅಂತ ಗೊತ್ತಿದ್ದೂ, ಸುಮ್ನೆ ಒಂದು ಕಾಫಿಗೆ ತಾನೇ ಅಂದುಕೊಂಡೆ. ಕಾಫಿ ಆಯಿತು, ಸಾಕೆಟ್ ಕರಗಿತು. ಆಮೇಲೆ ವಾಷಿಂಗ್ ಮೆಷಿನ್‌ನ 16 ಆಂಪ್ ಪಾಯಿಂಟೇ ನಮ್ಮ ಅಡುಗೆಮನೆ. ಅದರ ಮೇಲೆ ಮುದ್ದೆಗೂ ಕೈ ಹಾಕಿದೆ. ಕೋಲು ತಿರುಗಿಸಿದರೆ ಗಾಜಿನ ಮೇಲೆ ಪಾತ್ರೆಯೇ ಗಿರ್ರನೆ ತಿರುಗಿತು. ಕೊನೆಗೆ ನೆಲಕ್ಕಿಳಿಸಿ, ಮಸಿಬಟ್ಟೆ ಸುತ್ತಿ, ಎರಡೂ ಪಾದದ ನಡುವೆ ಹಿಡಿದು ತೊಳಸಿದೆ. ಗಂಟಿಲ್ಲದ ಮುದ್ದೆ. ಅತ್ತೆ ಏನೂ ಅನ್ನಲಿಲ್ಲ, ಇನ್ನೊಂದು ಹಾಕಿಸಿಕೊಂಡರು.

ಜಾಸ್ತಿ ಹೊಟ್ಟೆ ಉರಿದದ್ದು ಹಿತ್ತಲ ಮೋರಿಗೆ. ಪಾತ್ರೆ ತೊಳೆಯಲು ನಮಗಿದ್ದದ್ದು ಅದೊಂದೇ ಜಾಗ. ಮೇಸ್ತ್ರಿ ಸಂಜೆ ಅಲ್ಲೇ ಕರಣೆ, ಬಾಂಡ್ಲಿ ತೊಳೆಯುತ್ತಿದ್ದರು. ನಾಲ್ಕನೇ ದಿನ ನೀರು ಇಳಿಯಲೇ ಇಲ್ಲ. ಪೈಪಿನೊಳಗೆ ಸಿಮೆಂಟ್ ಕೊಬ್ಬರಿ ಹೋಳಿನ ಹಾಗೆ ಕೂತಿತ್ತು. ಪ್ಲಂಬರ್‌ಗೆ ₹1,200. ಅವತ್ತಿನಿಂದ ಅವರಿಗೊಂದು ಬೇರೆ ಬಕೆಟ್, ಬೆಳಿಗ್ಗೆ ತಳದ ಗಸಿ ನೇರ ಡೆಬ್ರಿಸ್ ಮೂಟೆಗೆ.

ದಿನಾ ಹೊರಡುವಾಗ ಅವರ ಕೈಲೇ ಕಸ ಗುಡಿಸಿಸುವುದನ್ನೂ ಕಲಿತೆ. ಹೇಗೆ ಅಂತ ಇಲ್ಲಿ ಬರೆಯಲ್ಲ, ಅವರೂ ಓದುತ್ತಾರೆ.

ಈಗ ಪಕ್ಕದ ಬೀದಿಯವರು ಕ್ರೇಟ್ ಕೇಳಿದ್ದಾರೆ, ಯುಗಾದಿ ಆದಮೇಲೆ ಅವರದ್ದೂ ಶುರುವಂತೆ. ಏಳು ಕೊಟ್ಟೆ. ಒಗ್ಗರಣೆಯದು ಹೊಸ ಕಟ್ಟೆಯ ಮೇಲೇ ಇದೆ, ಡ್ರಾಯರ್‌ಗೆ ಸುರಿಯಲು ಮನಸ್ಸಾಗಿಲ್ಲ.